ಪ್ರಾಚೀನ ಸರೋವರದ ನೀರಿನ ಮಟ್ಟದ ಇತಿಹಾಸ ಕಟ್ಟುವುದು ಹೇಗೆ: ಲೋಣಾರ್ ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

2020ರ ಜೂನ್‌ನಲ್ಲಿ ಲೋಣಾರ್ ಸರೋವರದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಪುಣೆ, ಮುಂಬೈ, ಗೋವೆಗಳಲ್ಲಿರುವ ಕನ್ನಡದ ವಿದ್ಯಾರ್ಥಿಗಳಿಂದಲೂ ಶಿಕ್ಷಕರಿಂದಲೂ ಒಂದೇ ಪ್ರಶ್ನೆ ಬಗೆಬಗೆಯಾಗಿ ಬರುತ್ತಲೇ ಇದೆ. ಸಾವಿರ ವರ್ಷದ ಹಿಂದೆ, ಐದು ಸಾವಿರ ವರ್ಷದ ಹಿಂದೆ ಅಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು, ಅದನ್ನು ಇಂದು ಕುಳಿತು ತಿಳಿಯುವುದು ಹೇಗೆ? ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಡೀ ಕೆಲಸವನ್ನು ಹಂತಹಂತವಾಗಿ ಒಂದೇ ಕಡೆ ಇಡುವುದು ಲೇಸೆಂದು ಈ ಲೇಖನ. ಉದಾಹರಣೆಗಳು ಹೆಚ್ಚಾಗಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರಿನವು. ವಿಧಾನ ಮಾತ್ರ ರಾಜಸ್ಥಾನದ ಡೀಡವಾಣಾ, ಲದಾಖಿನ ತ್ಸೋ ಕಾರ್ ಮುಂತಾದ ಯಾವ ಹಳೆಯ ಸರೋವರಕ್ಕೂ ಸಲ್ಲುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಳೆಯ ಮಟ್ಟದ ಬಗ್ಗೆ ಸಿಗುವ ಕುರುಹುಗಳಲ್ಲಿ "ನೀರು ಇಲ್ಲಿಗೇ ನಿಂತಿತ್ತು" ಎಂದು ಹೇಳುವಂಥವು ಬಹಳ ಕಡಿಮೆ. ಉಳಿದವೆಲ್ಲ "ಇದಕ್ಕಿಂತ ಮೇಲಿತ್ತು" ಅಥವಾ "ಇದಕ್ಕಿಂತ ಕೆಳಗಿತ್ತು" ಎಂದಷ್ಟೇ ಹೇಳುತ್ತವೆ. ಪ್ರತಿಯೊಂದು ಕುರುಹನ್ನೂ ಈ ಮೂರರಲ್ಲಿ ಯಾವ ಗುಂಪಿಗೆ ಸೇರಿದ್ದೆಂದು ಕೇಳಿಯೇ ಮುಂದಕ್ಕೆ ಹೋಗಬೇಕು. ನಾನು ನೋಡಿದ ವಿದ್ಯಾರ್ಥಿ ವರದಿಗಳಲ್ಲಿ ಬಹುಪಾಲು ತಪ್ಪುಗಳು ಈ ಪ್ರಶ್ನೆ ಕೇಳದೆ ಬಿಟ್ಟದ್ದರಿಂದಲೇ ಹುಟ್ಟಿದವು.

ಏನೇನು ಬೇಕು

ಒಂದು ಸಾಧಾರಣ ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ, ಉಪಗ್ರಹ ಚಿತ್ರಗಳು ಮತ್ತು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳು, ಅಂದರೆ ನೆಲದ ಎತ್ತರ ತೋರಿಸುವ ನಕ್ಷೆಗಳು, ಇದ್ದರೆ ಮೊದಲ ನಾಲ್ಕು ಹಂತಗಳ ಹೆಚ್ಚಿನ ಪಾಲು ಮನೆಯಲ್ಲೇ ಮುಗಿಯುತ್ತದೆ. ಐದನೆಯ ಹಂತಕ್ಕೆ ಸ್ಥಳಕ್ಕೆ ಹೋಗಲೇಬೇಕು. ಆರರಿಂದ ಎಂಟರವರೆಗಿನ ಹಂತಗಳು ಪ್ರಯೋಗಾಲಯದ ನೆರವಿಲ್ಲದೆ ಆಗುವಂಥವಲ್ಲ. ಪುಣೆಯವರಿಗೆ ಆಘಾರ್‌ಕರ್ ಸಂಶೋಧನಾ ಸಂಸ್ಥೆ ಮತ್ತು ಡೆಕ್ಕನ್ ಕಾಲೇಜು, ಮುಂಬೈಯವರಿಗೆ ಪೊವಾಯಿಯ ಐಐಟಿಯ ಭೂವಿಜ್ಞಾನ ವಿಭಾಗ ಮತ್ತು ನವಿ ಮುಂಬೈಯ ಭಾರತೀಯ ಭೂಕಾಂತತ್ವ ಸಂಸ್ಥೆ, ಗೋವೆಯವರಿಗೆ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹತ್ತಿರದವು. ನಿಮ್ಮ ಕಾಲೇಜಿನ ಮೂಲಕ ಪತ್ರ ಬರೆದು, ಯಾವ ಮಾದರಿ, ಎಷ್ಟು, ಯಾವ ಪರೀಕ್ಷೆಗೆ ಎಂದು ಸ್ಪಷ್ಟವಾಗಿ ತಿಳಿಸಿ.

ಅನುಮತಿಯ ವಿಷಯವನ್ನು ಕೊನೆಗೆ ತಳ್ಳಬೇಡಿ. ಲೋಣಾರ್ ವನ್ಯಜೀವಿ ಅಭಯಾರಣ್ಯ. 2020ರಲ್ಲಿ ರಾಮ್‌ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಅಲ್ಲಿಂದ ಒಂದು ಹಿಡಿ ಕೆಸರು ತೆಗೆಯುವುದಕ್ಕೂ ಅರಣ್ಯ ಇಲಾಖೆಯ ಬರವಣಿಗೆಯ ಒಪ್ಪಿಗೆ ಬೇಕು, ಸಂರಕ್ಷಿತ ಗುಡಿಗಳ ಸುತ್ತ ಅಳತೆ ಮಾಡಲು ಪುರಾತತ್ತ್ವ ಇಲಾಖೆಯ ಒಪ್ಪಿಗೆ ಬೇಕು.

1. ಸರೋವರಕ್ಕೆ ಕೋಡಿ ಇದೆಯೇ ಎಂದು ನೋಡಿ

ಕೆರೆ ತುಂಬಿದ ಮೇಲೆ ನೀರು ಹೊರಕ್ಕೆ ಬೀಳುವ ಜಾಗವೇ ಕೋಡಿ. ಕೋಡಿಯಿರುವ ಸರೋವರದಲ್ಲಿ ಎಷ್ಟೇ ಮಳೆ ಸುರಿದರೂ ಮಟ್ಟ ಅದರಿಂದಾಚೆಗೆ ಹೆಚ್ಚು ಏರುವುದಿಲ್ಲ. ಹೀಗಾಗಿ ಒಳ್ಳೆಯ ಮಳೆಯ ಶತಮಾನಗಳೆಲ್ಲ ಅಲ್ಲಿ ಒಂದೇ ರೀತಿ ಕಾಣುತ್ತವೆ. ಒಳಬಂದ ನೀರಿಗೆ ಆವಿಯಾಗುವುದು, ಇಂಗುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಸರೋವರವನ್ನು ಮುಚ್ಚಿದ ಜಲಾನಯನದ ಸರೋವರ ಎನ್ನುತ್ತಾರೆ. ಮಳೆಯ ಏರಿಳಿತ ನೇರವಾಗಿ ಮಟ್ಟದಲ್ಲಿ ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ. ಲೋಣಾರ್ ಈ ಜಾತಿಯದು. ಬಸಾಲ್ಟ್ ಎಂಬ ಕಪ್ಪು ಕಲ್ಲಿನ ನೆಲಕ್ಕೆ ಉಲ್ಕೆ ಬಡಿದು ಉಂಟಾದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ ಅದು; ಕುಳಿಯ ಅಂಚು ಇಂದಿನ ನೀರಿನಿಂದ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಹೊರಹರಿವು ಇಲ್ಲ.

ಎಚ್ಚರಿಕೆ: ಇಂದು ಕಾಣುವ ಕೋಡಿ ಹಿಂದೆಯೂ ಅಷ್ಟೇ ಎತ್ತರದಲ್ಲಿತ್ತು ಎಂದು ಭಾವಿಸಬೇಡಿ. ಅಮೆರಿಕದ ಯೂಟಾದಲ್ಲಿ ಹಿಮಯುಗದ ಕಾಲಕ್ಕಿದ್ದ ಬಾನ್ವಿಲ್ ಎಂಬ ಬೃಹತ್ ಸರೋವರ ತನ್ನ ಕೋಡಿಯ ಸಡಿಲ ಮಣ್ಣನ್ನು ಕೊರೆದುಕೊಂಡು ಒಮ್ಮೆಗೇ ನೂರು ಮೀಟರಿಗೂ ಹೆಚ್ಚು ಇಳಿಯಿತು. ಆ ಇಳಿತಕ್ಕೂ ಬರಗಾಲಕ್ಕೂ ಸಂಬಂಧವಿಲ್ಲ. ಕೋಡಿಯ ಚರಿತ್ರೆ ತಿಳಿಯದವರು ಅದನ್ನೇ ಭೀಕರ ಬರವೆಂದು ಓದಿಬಿಡುತ್ತಾರೆ.

2. ಎತ್ತರಕ್ಕೆ ಒಂದೇ ಮೂಲ ಗೊತ್ತುಮಾಡಿ

ಎಲ್ಲ ಎತ್ತರಗಳನ್ನೂ ಸಮುದ್ರಮಟ್ಟದಿಂದ ಲೆಕ್ಕ ಹಾಕಿ ಬರೆಯುವ ಪದ್ಧತಿ ಇಟ್ಟುಕೊಳ್ಳಿ. "ಇಂದಿನ ನೀರಿನಿಂದ ನಾಲ್ಕು ಮೀಟರ್ ಮೇಲೆ" ಎಂದು ಬರೆದಿಟ್ಟರೆ ಮುಂದಿನ ವರ್ಷ ಆ "ಇಂದು" ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಜಿಪಿಎಸ್ ಉಪಕರಣ ಮೂಲತಃ ಅಳೆಯುವುದು ಭೂಮಿಯನ್ನು ನುಣುಪಾದ ಅಂಡಾಕೃತಿಯೆಂದು ಕಲ್ಪಿಸಿಕೊಂಡ ಗಣಿತದ ಮೇಲ್ಮೈಯಿಂದ ಇರುವ ಎತ್ತರವನ್ನು. ಟೋಪೋಶೀಟಿನಲ್ಲಿರುವುದು ಸರಾಸರಿ ಸಮುದ್ರಮಟ್ಟದಿಂದ ಅಳೆದದ್ದು. ಪುಣೆ–ಮುಂಬೈ ಭಾಗದಲ್ಲಿ ಈ ಎರಡರ ನಡುವೆ 60 ಮೀಟರಿಗೂ ಹೆಚ್ಚಿನ ಅಂತರವಿದೆ. ಕೆಲವು ಉಪಕರಣಗಳು ತಾವೇ ತಿದ್ದಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ನಿಮ್ಮದು ಯಾವುದೆಂದು ನೋಡಿ ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯಿರಿ. ಫೋನಿನ ಜಿಪಿಎಸ್ ಎತ್ತರಕ್ಕೆ ನಂಬತಕ್ಕದ್ದಲ್ಲ. ಎರಡು ಗ್ರಾಹಕಗಳನ್ನು ಒಟ್ಟಿಗೆ ಬಳಸುವ ಡಿಫರೆನ್ಷಿಯಲ್ ಜಿಪಿಎಸ್ ಅಥವಾ ಸರ್ವೆಯವರ ಲೆವೆಲಿಂಗ್ ಉಪಕರಣ ಬೇಕು.

3. ಹತ್ತಿರದ ಐವತ್ತು ವರ್ಷಗಳನ್ನು ಉಪಗ್ರಹ ಚಿತ್ರಗಳಿಂದ ತೆಗೆಯಿರಿ

ಹಳೆಯದಕ್ಕೆ ಹೋಗುವ ಮೊದಲು ಇಂದಿನ ಸರೋವರ ಮಳೆಗೆ ಹೇಗೆ ಸ್ಪಂದಿಸುತ್ತದೆಂಬುದು ತಿಳಿದಿರಬೇಕು. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ, 30 ಮೀಟರ್ ಸ್ಪಷ್ಟತೆಯವು 1980ರ ದಶಕದಿಂದ, 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್-2 ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತವೆ. 1972ಕ್ಕಿಂತ ಹಿಂದಕ್ಕೆ ಹೋಗಬೇಕೆಂದರೆ ಅಮೆರಿಕ ಗೋಪ್ಯತೆ ತೆಗೆದು ಬಿಡುಗಡೆ ಮಾಡಿದ ಕೊರೋನಾ ಎಂಬ ಬೇಹು ಉಪಗ್ರಹಗಳ 1960ರ ದಶಕದ ಕಪ್ಪು-ಬಿಳುಪು ಚಿತ್ರಗಳಿವೆ.

ನೀರನ್ನು ನೆಲದಿಂದ ಬೇರ್ಪಡಿಸಲು ನೀರಿನ ಸೂಚ್ಯಂಕ ಬಳಸುತ್ತಾರೆ. ನೀರು ಹಸಿರು ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳುಹಿಸುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹುತೇಕ ಹೀರಿಕೊಳ್ಳುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ನೀರಿರುವ ಕಡೆ ಸಾಮಾನ್ಯವಾಗಿ ಧನಸಂಖ್ಯೆ ಬರುತ್ತದೆ. ಲೋಣಾರಿನಲ್ಲಿ ಎರಡು ತೊಡಕುಗಳಿವೆ. ಒಂದು, ಪಾಚಿ ದಟ್ಟವಾದಾಗ ನೀರೇ ಅವಕೆಂಪನ್ನು ಹಿಂದಕ್ಕೆ ಕಳುಹಿಸಿ ಸೂಚ್ಯಂಕಕ್ಕೆ ನೆಲದಂತೆ ಕಾಣುತ್ತದೆ. ಇನ್ನೊಂದು, ದಡದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಕೊಂಬೆಗಳು ನೀರಿನ ಅಂಚನ್ನು ಮುಚ್ಚುತ್ತವೆ. ಚಿತ್ರವನ್ನು ಕಣ್ಣಾರೆ ನೋಡಿ ಅಂಚನ್ನು ತಿದ್ದದೆ ಯಂತ್ರ ಕೊಟ್ಟ ಗಡಿಯನ್ನು ಒಪ್ಪಬೇಡಿ.

ವಿಸ್ತೀರ್ಣ ಸಿಕ್ಕ ಮೇಲೆ ಅದನ್ನು ಮಟ್ಟಕ್ಕೆ ಪರಿವರ್ತಿಸಬೇಕು. ಇದಕ್ಕೆ ಕುಳಿಯ ಆಕಾರ, ಅಂದರೆ ಯಾವ ಎತ್ತರಕ್ಕೆ ನೀರು ನಿಂತರೆ ಎಷ್ಟು ಹರಡುತ್ತದೆ ಎಂಬ ಪಟ್ಟಿ ಬೇಕು. ಬಹುಮಂದಿ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ನಕ್ಷೆಯನ್ನು ಇಳಿಸಿಕೊಂಡು ನೇರವಾಗಿ ಬಳಸುತ್ತಾರೆ. ಆ ನಕ್ಷೆಯಲ್ಲಿ ನೀರಿದ್ದ ಜಾಗದಲ್ಲಿ ದಾಖಲಾಗಿರುವುದು ಆ ತಿಂಗಳ ನೀರಿನ ಮೇಲ್ಮೈ, ಕೆರೆಯಂಗಳವಲ್ಲ. ನೀರಿನಡಿಯ ಆಕಾರಕ್ಕೆ ದೋಣಿಯಿಂದ ಪ್ರತಿಧ್ವನಿ ಉಪಕರಣ ಇಳಿಸಿ ಆಳ ಅಳೆಯುವುದೇ ದಾರಿ. ದೋಷದ ಲೆಕ್ಕವೂ ಇಲ್ಲೇ ಆಗಲಿ: ದಡದ ಇಳಿಜಾರು ಇಪ್ಪತ್ತಕ್ಕೆ ಒಂದು ಇರುವಲ್ಲಿ 30 ಮೀಟರಿನ ಒಂದು ಚುಕ್ಕಿ ಆಚೀಚೆಯಾದರೆ ಮಟ್ಟದಲ್ಲಿ ಒಂದೂವರೆ ಮೀಟರ್ ತಪ್ಪು ಬರುತ್ತದೆ. 2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಲೇಸರ್ ಉಪಗ್ರಹದ ಹಾದಿ ನಿಮ್ಮ ಸರೋವರದ ಮೇಲೆ ಬಿದ್ದಿದ್ದರೆ ನೀರಿನ ಎತ್ತರವನ್ನೇ ನೇರವಾಗಿ ಪಡೆದು ತಾಳೆ ನೋಡಬಹುದು.

ಪ್ರತಿ ವರ್ಷಕ್ಕೂ ಒಂದೇ ಕಾಲದ ಚಿತ್ರ ತೆಗೆದುಕೊಳ್ಳಿ. ಒಂದು ವರ್ಷದ ಮೇ ತಿಂಗಳನ್ನು ಇನ್ನೊಂದು ವರ್ಷದ ಅಕ್ಟೋಬರಿಗೆ ಹೋಲಿಸಿದರೆ ಅದು ಇತಿಹಾಸವಾಗದು, ಋತುಮಾನವಷ್ಟೇ ಆದೀತು. ಸಿಕ್ಕ ಮಟ್ಟಗಳನ್ನು ಪುಣೆಯ ಹವಾಮಾನ ಇಲಾಖೆ ಕೊಡುವ, 1901ರಿಂದಿರುವ, ದೇಶವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕಿದ ಮಳೆ ಅಂಕಿಅಂಶದ ಜೊತೆ ಅಕ್ಕಪಕ್ಕ ಇಡಿ. ಮಳೆ ಹೆಚ್ಚಾದ ವರ್ಷಕ್ಕೂ ಮಟ್ಟ ಏರಿದ ವರ್ಷಕ್ಕೂ ನಡುವೆ ಇರುವ ಹಿಂದುಮುಂದು ಎಷ್ಟೆಂದು ಗುರುತಿಸಿಕೊಳ್ಳಿ. ಇದು ಹತ್ತನೆಯ ಹಂತಕ್ಕೆ ಬೇಕಾಗುತ್ತದೆ.

4. ದಾಖಲೆ ಮತ್ತು ಗುಡಿಗಳನ್ನು ಓದಿ

ಮುಂಬೈಯ ಗ್ರಂಥಾಲಯಗಳಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರ್‌ಗಳಲ್ಲಿ ಲೋಣಾರನ್ನು ಹುಡುಕಿ ಬರಿಗೈಯಲ್ಲಿ ಮರಳುವವರು ಬಹಳ. ಬುಲ್ಢಾಣಾ ಆಗ ಬೇರಾರ್ ಎಂಬ ಬೇರೆ ಪ್ರಾಂತಕ್ಕೆ ಸೇರಿತ್ತು. ಬೇರಾರಿನ ಗೆಜೆಟಿಯರ್‌ಗಳನ್ನು ಕೇಳಿ. ಐರೋಪ್ಯರಲ್ಲಿ ಲೋಣಾರನ್ನು ಮೊದಲು ವರದಿ ಮಾಡಿದವನು ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್, 1823ರಲ್ಲಿ. ಹಳೆಯ ಬರಹಗಳಲ್ಲಿ ಉಪ್ಪು, ಸೋಡಾ ತೆಗೆಯುವ ಮಾತು ಬರುವಲ್ಲಿ ನಿಂತು ಓದಿ. ಸೋಡಾದ ಹಕ್ಕಳೆ ದಡದಲ್ಲಿ ಕಟ್ಟಬೇಕಾದರೆ ಬೇಸಿಗೆಯಲ್ಲಿ ನೀರು ತಕ್ಕಮಟ್ಟಿಗೆ ಹಿಂದೆ ಸರಿದಿರಬೇಕು, ಹಾಗಾಗಿ ಅದು "ಇದಕ್ಕಿಂತ ಕೆಳಗಿತ್ತು" ಗುಂಪಿನ ಸಾಕ್ಷ್ಯ.

ದಡದ ಗುಡಿಯೂ ಅದೇ ಗುಂಪಿನದು. ನೀರಿನಂಚಿನಲ್ಲಿರುವ ಕಮಲಜಾ ದೇವಿಯ ಗುಡಿಯ ಅಧಿಷ್ಠಾನವನ್ನು, ಅಂದರೆ ಕೆಳಗಿನ ಪೀಠವನ್ನು, ಕಟ್ಟಿದ ದಿನ ನೀರು ಅದಕ್ಕಿಂತ ಕೆಳಗಿತ್ತೆಂಬುದಷ್ಟೇ ಗಟ್ಟಿ. ಎಷ್ಟು ಕೆಳಗೆಂಬುದನ್ನು ಗುಡಿ ಹೇಳದು. ಗೋಡೆಯ ಮೇಲಿನ ಬಿಳಿಯ ಉಪ್ಪಿನ ಪಟ್ಟಿಯನ್ನು ಹಿಂದಿನ ನೀರಿನ ಗುರುತೆಂದು ಅಳೆಯಬೇಡಿ. ಕಲ್ಲಿನ ಸಂದುಗಳು ತೇವವನ್ನು ಮೇಲಕ್ಕೆ ಎಳೆದುಕೊಳ್ಳುವುದರಿಂದ ಉಪ್ಪು ಯಾವಾಗಲೂ ನೀರಿಗಿಂತ ಮೇಲೆ ಹೂಬಿಡುತ್ತದೆ.

5. ದಡದ ಗುರುತುಗಳನ್ನು ಅಳೆಯಿರಿ

ನೀರು ಒಂದೇ ಎತ್ತರದಲ್ಲಿ ಬಹುಕಾಲ ನಿಂತರೆ ಅಲೆ ಬಡಿದು ಇಳಿಜಾರಿನಲ್ಲಿ ಮೆಟ್ಟಿಲು ಕೊರೆಯುತ್ತದೆ, ಉರುಟು ಕಲ್ಲುಗಳ ದಿಬ್ಬ ಕಟ್ಟುತ್ತದೆ. ಸುಣ್ಣದ ಅಂಶವಿರುವ ನೀರಿನಲ್ಲಿ ಬಂಡೆಗಳಿಗೆ ಸುಣ್ಣದ ಹೊದಿಕೆ ಕೂರುತ್ತದೆ. ಇವು ಆರಂಭದಲ್ಲಿ ಹೇಳಿದ ಮೊದಲ, ಅತಿ ಬೆಲೆಯುಳ್ಳ ಗುಂಪಿಗೆ ಸೇರಿದವು: ನೀರು ಇಲ್ಲಿಗೇ ನಿಂತಿತ್ತು ಎನ್ನುವಂಥವು. ಲದಾಖಿನ ಸರೋವರಗಳ ಸುತ್ತ ಇಂಥ ಸಾಲುಗಳು ಬರಿಗಣ್ಣಿಗೆ ಕಾಣುತ್ತವೆ. ಲೋಣಾರಿನಲ್ಲಿ ಅಷ್ಟು ನಿರೀಕ್ಷಿಸಬಾರದು. ನೀರಿನ ಹರವು ಹೆಚ್ಚೆಂದರೆ ಒಂದೂಕಾಲು ಕಿಲೋಮೀಟರ್, ಸುತ್ತ ಎತ್ತರದ ಗೋಡೆ; ಗಾಳಿಗೆ ದೊಡ್ಡ ಅಲೆ ಎಬ್ಬಿಸಲು ಜಾಗವೇ ಇಲ್ಲ. ಜೊತೆಗೆ ಪ್ರತಿ ಮಳೆಗಾಲಕ್ಕೂ ಗೋಡೆಯಿಂದ ಜರಿದ ಕಲ್ಲುಮಣ್ಣು ಇದ್ದ ಗುರುತನ್ನೂ ಮುಚ್ಚುತ್ತದೆ. ಈಶಾನ್ಯದ ಧಾರ ತೊರೆ ಕುಳಿಗೆ ಇಳಿಯುವಲ್ಲಿ ಹರಡಿರುವ ಮೆಕ್ಕಲಿನ ಬೀಸಣಿಗೆಯಂಥ ದಿಬ್ಬದಲ್ಲಿ ಒರಟು ಮರಳು ನುಣ್ಣನೆಯ ಜೇಡಿಯಾಗಿ ಮಾರ್ಪಡುವ ಗೆರೆಯನ್ನು ಹುಡುಕುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುತ್ತದೆ.

ದೊಡ್ಡ ಸರೋವರಗಳಲ್ಲಿ ಇನ್ನೊಂದು ಅಪಾಯವಿದೆ. ಒಂದೇ ದಡದ ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿರಬೇಕೆಂದು ತೋರಬಹುದು. ಬಾನ್ವಿಲ್ ಸರೋವರದ ನೀರಿನ ಭಾರಕ್ಕೆ ಭೂಮಿಯ ಚಿಪ್ಪು ತಗ್ಗಿ, ನೀರು ಹೋದ ಮೇಲೆ ಮತ್ತೆ ಮೇಲೆದ್ದಿತು. ಒಂದೇ ಕಾಲದ ಗೆರೆ ಇಂದು ನಡುವಿನ ಬೆಟ್ಟಗಳಲ್ಲಿ ಅಂಚಿಗಿಂತ ಸುಮಾರು 70 ಮೀಟರ್ ಎತ್ತರದಲ್ಲಿದೆ. ಗಿಲ್ಬರ್ಟ್ ಎಂಬ ಭೂವಿಜ್ಞಾನಿ 1890ರಲ್ಲೇ ಇದನ್ನು ಅಳೆದು ವಿವರಿಸಿದ್ದ.

6. ಕೆರೆಯಂಗಳದ ಹೂಳನ್ನು ಪದರ ಕೆಡದಂತೆ ತೆಗೆಯಿರಿ

ವರ್ಷವರ್ಷವೂ ತಳಕ್ಕೆ ಕೂತ ಹೂಳನ್ನು ಕೊಳವೆಯಿಂದ ನೇರವಾಗಿ ಮೇಲೆತ್ತಿದ ಕಂಬಕ್ಕೆ ಕೋರ್ ಎನ್ನುತ್ತಾರೆ. ಲೋಣಾರಿನಲ್ಲಿ ಹೂಳಿಗೆ ಬರವಿಲ್ಲ. 1970ರ ದಶಕದ ಆರಂಭದಲ್ಲಿ ಕುಳಿ ಉಲ್ಕೆಯಿಂದಾದದ್ದೆಂದು ಖಚಿತಪಡಿಸಲು ಕೊರೆದಾಗ ಬಂಡೆ ಸಿಗುವ ಮೊದಲು ಸುಮಾರು ನೂರು ಮೀಟರ್ ಹೂಳು ಸಿಕ್ಕಿತು. 2008ರಲ್ಲಿ ತೆಗೆದ ಸುಮಾರು 10 ಮೀಟರ್ ಉದ್ದದ ಕೋರ್ ಕಳೆದ ಹನ್ನೊಂದು ಸಾವಿರ ವರ್ಷಗಳ ಮಳೆಯ ಕಥೆಗೆ ಆಧಾರವಾಗಿದೆ.

ನಡು ಆಳದಲ್ಲಿ ಒಂದೇ ಕೋರ್ ತೆಗೆದು ಸುಮ್ಮನಾಗಬೇಡಿ. ನಡುವಿನದು ನಿರಂತರವಾಗಿರುತ್ತದೆ ನಿಜ, ಆದರೆ ಮಟ್ಟದ ಬಗ್ಗೆ ಹೆಚ್ಚು ಮಾತಾಡುವುದು ದಡದ ಕಡೆಯ ಕೋರ್‌ಗಳು. ದಡದಿಂದ ನಡುವಿನತ್ತ ಒಂದೇ ಸಾಲಿನಲ್ಲಿ ಕನಿಷ್ಠ ಮೂರು ತೆಗೆಯಿರಿ. ನೀರು ಇಳಿದಾಗ ದಡದ ಮರಳು ಒಳಕ್ಕೆ ಸರಿಯುತ್ತದೆ, ಏರಿದಾಗ ನಡುವಿನ ಜೇಡಿ ಹೊರಕ್ಕೆ ಹಬ್ಬುತ್ತದೆ. ದಡದ ಕೋರಿನಲ್ಲಿ ಜೇಡಿಯ ನಡುವೆ ಬಿರುಕುಬಿಟ್ಟು ಗಟ್ಟಿಯಾದ, ಬೇರುಗಳ ಗುರುತಿರುವ ಪದರ ಸಿಕ್ಕಿದರೆ ಆ ಎತ್ತರ ಆ ಕಾಲಕ್ಕೆ ಒಣಗಿತ್ತು ಎಂದರ್ಥ. ಅಲ್ಲಿ ಹೂಳು ಕೂತಿಲ್ಲ, ಕೂತದ್ದು ಕೊಚ್ಚಿಹೋಗಿರಲೂಬಹುದು. ಹಾಗೆ ಕಾಣೆಯಾದ ಕಾಲವನ್ನು ವಯಸ್ಸಿನ ಲೆಕ್ಕದಲ್ಲಿ ಖಾಲಿ ಎಂದೇ ತೋರಿಸಬೇಕು.

ಕೊಳವೆಯ ಮೇಲೆ ಮೇಲ್ಮುಖದ ಬಾಣ, ಜಾಗ, ನೀರಿನ ಆಳ, ದಿನಾಂಕ ಎಲ್ಲವನ್ನೂ ದೋಣಿಯಲ್ಲೇ ಬರೆಯಿರಿ. ದಡಕ್ಕೆ ಬಂದ ಮೇಲೆ ಬರೆಯುತ್ತೇವೆಂದು ಬಿಟ್ಟರೆ ತಲೆಕೆಳಗಾದ ಕೊಳವೆ ಯಾವುದೆಂದು ತಿಳಿಯದೆ ಹೋಗುತ್ತದೆ. ಬಾಯಿ ಮುಚ್ಚಿ, ಸುಮಾರು 4 ಡಿಗ್ರಿ ತಂಪಿನಲ್ಲಿಟ್ಟು ಸಾಗಿಸಿ. ಉದ್ದಕ್ಕೆ ಸೀಳಿದ ತಕ್ಷಣ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುವುದು ಮೊದಲ ಕೆಲಸ. ಲೋಣಾರಿನಂಥ ಆಮ್ಲಜನಕವಿಲ್ಲದ ತಳದ ಕೆಸರು ಸೀಳಿದಾಗ ಮಸಿಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತ ಇರುತ್ತದೆ. ಗಾಳಿ ತಾಗಿದಂತೆ ಕಪ್ಪು ಕರಗಿ ಬೂದು-ಕಂದಾಗಿ, ತೆಳುವಾದ ಪದರಗಳ ಗೆರೆಗಳು ಮಸುಕಾಗತೊಡಗುತ್ತವೆ. ಒಂದು ಅರ್ಧವನ್ನು ಮುಟ್ಟದೆ ಸಂಗ್ರಹಕ್ಕೆ ಇಡಿ, ಇನ್ನೊಂದರಿಂದ ಮಾತ್ರ ಮಾದರಿ ಕತ್ತರಿಸಿ.

ಲೋಣಾರಿನ ಹೂಳಿನಲ್ಲಿ ಕೆಲವು ಪದರಗಳಲ್ಲಿ ಗೇಲುಸೈಟ್ ಎಂಬ ಪಾರದರ್ಶಕ ಹರಳುಗಳು ಸಿಗುತ್ತವೆ. ಇದು ಸೋಡಿಯಂ ಮತ್ತು ಕ್ಯಾಲ್ಸಿಯಂಗಳ ಕಾರ್ಬೊನೇಟು, ತನ್ನೊಳಗೆ ನೀರನ್ನೂ ಕಟ್ಟಿಕೊಂಡದ್ದು. ನೀರು ಆವಿಯಾಗಿ ಲವಣ ಬಹಳ ಗಟ್ಟಿಯಾದಾಗ ಮಾತ್ರ ಹುಟ್ಟುವಂಥದು. ಇದನ್ನು ಕಂಡ ತಕ್ಷಣ ಸಾಧಾರಣ ಪದ್ಧತಿಯಂತೆ ಜರಡಿಯ ಮೇಲೆ ನಲ್ಲಿ ನೀರು ಬಿಟ್ಟು ತೊಳೆಯಬೇಡಿ. ಸಿಹಿನೀರಿನಲ್ಲಿ ಹರಳು ಕೆಟ್ಟು ಬಿಳಿಯ ಸುಣ್ಣದ ಪುಡಿ ಉಳಿಯುತ್ತದೆ. ಬರಗಾಲದ ಅತ್ಯುತ್ತಮ ಸಾಕ್ಷ್ಯ ಸಾಮಾನ್ಯ ಸುಣ್ಣದ ಖನಿಜವಾದ ಕ್ಯಾಲ್ಸೈಟೆಂದು ದಾಖಲಾಗಿಬಿಡುತ್ತದೆ. ಚಿಮಟದಿಂದ ಆರಿಸಿ ಮುಚ್ಚಿದ ಸೀಸೆಯಲ್ಲಿಟ್ಟು, ಬೇಗನೆ ಎಕ್ಸ್-ರೇ ಪರೀಕ್ಷೆಗೆ ಕೊಡಿ.

7. ವಯಸ್ಸು ಕಟ್ಟಿ

ಕಳೆದ ನೂರು-ನೂರೈವತ್ತು ವರ್ಷಗಳಿಗೆ ಸೀಸ-210 ಎಂಬ ವಿಕಿರಣ ಸೀಸವಿದೆ. ಅದು ಸುಮಾರು 22 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಅಣುಬಾಂಬ್ ಪರೀಕ್ಷೆಗಳ ಧೂಳಿನಿಂದ ಬಂದ ಸೀಸಿಯಂ-137 ಸಾಮಾನ್ಯವಾಗಿ 1963ರ ಪದರದಲ್ಲಿ ಗರಿಷ್ಠವಾಗಿರುತ್ತದೆ, ಆದರೆ ಭೂಮಧ್ಯರೇಖೆಗೆ ಹತ್ತಿರದ ನಮ್ಮ ಕಡೆ ಆ ಧೂಳು ಬಿದ್ದದ್ದೇ ಕಡಿಮೆಯಾದ್ದರಿಂದ ಗುರುತು ದುರ್ಬಲ. ಅದಕ್ಕಿಂತ ಹಿಂದಕ್ಕೆ, ಸುಮಾರು 50,000 ವರ್ಷದವರೆಗೆ, ಜೀವಿ ಸತ್ತ ಮೇಲೆ ನಿಧಾನವಾಗಿ ಕ್ಷಯಿಸುತ್ತ ಹೋಗುವ ವಿಕಿರಣ ಇಂಗಾಲವೇ ಗತಿ.

ಇಂಗಾಲದ ಕಾಲನಿರ್ಣಯಕ್ಕೆ ಏನನ್ನು ಕೊಡುತ್ತೀರಿ ಎಂಬುದರಲ್ಲೇ ಅರ್ಧ ಫಲಿತಾಂಶವಿದೆ. ಸರೋವರದ ನೀರಿನಲ್ಲಿ ಕರಗಿರುವ ಹಳೆಯ ಕಾರ್ಬೊನೇಟನ್ನೇ ಪಾಚಿ, ಚಿಪ್ಪು, ಹರಳುಗಳು ತೆಗೆದುಕೊಳ್ಳುವುದರಿಂದ ಅವು ತಮ್ಮ ನಿಜವಾದ ವಯಸ್ಸಿಗಿಂತ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಹಳೆಯವಾಗಿ ಕಾಣುತ್ತವೆ. ಗಾಳಿಯಿಂದ ನೇರವಾಗಿ ಇಂಗಾಲ ಪಡೆದ ನೆಲದ ಗಿಡದ ಎಲೆ, ಬೀಜ, ಕಡ್ಡಿ ಆರಿಸಿ. ದಪ್ಪ ಮರದ ತುಂಡು ಸಿಕ್ಕಿತೆಂದು ಹಿಗ್ಗಬೇಡಿ. ಅದು ಹೂಳಿಗೆ ಬೀಳುವ ಮುನ್ನ ದಡದಲ್ಲಿ ಎಷ್ಟು ಕಾಲ ಬಿದ್ದಿತ್ತೋ ತಿಳಿಯದು. ಪ್ರಯೋಗಾಲಯ ಕೊಡುವ ಇಂಗಾಲದ ವರ್ಷಗಳು ಪಂಚಾಂಗದ ವರ್ಷಗಳಲ್ಲ. ಉತ್ತರ ಗೋಳಾರ್ಧಕ್ಕೆ ಒಪ್ಪಿತವಾದ ಇಂಟ್‌ಕ್ಯಾಲ್20 ಎಂಬ ತಿದ್ದುಪಡಿ ಪಟ್ಟಿಯಿಂದ ಪರಿವರ್ತಿಸಿ. "ಇಂದಿಗೆ ಇಷ್ಟು ವರ್ಷ ಹಿಂದೆ" ಎಂಬಲ್ಲಿ ಇಂದು ಎಂದರೆ 1950. ಎರಡು ವಯಸ್ಸುಗಳ ನಡುವೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆಯುವ ಬದಲು ಬೇಕನ್, ಆಕ್ಸ್‌ಕ್ಯಾಲ್ ಮೊದಲಾದ ತಂತ್ರಾಂಶಗಳು ಆಳಕ್ಕೂ ವಯಸ್ಸಿಗೂ ಇರುವ ಸಂಬಂಧವನ್ನು ಅನಿಶ್ಚಿತತೆಯ ಸಮೇತ ಕೊಡುತ್ತವೆ.

ದಡದ ಮರಳಿಗೆ ಬೆಳಕಿನ ಕಾಲನಿರ್ಣಯವಿದೆ: ಕಣಕ್ಕೆ ಕಡೆಯ ಬಾರಿ ಬಿಸಿಲು ತಾಗಿ ಎಷ್ಟು ಕಾಲವಾಯಿತೆಂದು ಅದು ಹೇಳುತ್ತದೆ. ಇದಕ್ಕೆ ಹೆಚ್ಚಾಗಿ ಬೇಕಾದ ಬೆಣಚುಕಲ್ಲಿನ (ಕ್ವಾರ್ಟ್ಸ್) ಕಣ ಬಸಾಲ್ಟಿನಲ್ಲಿ ತೀರ ಅಪರೂಪ. ಡೀಡವಾಣಾದಲ್ಲಿ ಸುಲಭವಾಗಿ ನಡೆಯುವ ಕೆಲಸ ಲೋಣಾರಿನಲ್ಲಿ ತೊಡಕಾಗುವುದು ಇದರಿಂದ. ವಿಧಾನಗಳು ಎಷ್ಟು ಬೇರೆಬೇರೆ ಉತ್ತರ ಕೊಡಬಲ್ಲವೆಂಬುದಕ್ಕೆ ಲೋಣಾರ್ ಕುಳಿಯ ವಯಸ್ಸೇ ಸಾಕ್ಷಿ: ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವ ಉಷ್ಣದೀಪ್ತಿ ವಿಧಾನದಲ್ಲಿ ಸುಮಾರು 50,000 ವರ್ಷ ಬಂದರೆ, ಕಲ್ಲಿನೊಳಗೆ ಸೇರಿಕೊಂಡ ಆರ್ಗಾನ್ ಅನಿಲವನ್ನು ಅಳೆಯುವ ವಿಧಾನದಲ್ಲಿ ಸುಮಾರು 5,70,000 ವರ್ಷ ಬಂದಿದೆ.

8. ಪರೋಕ್ಷ ಕುರುಹುಗಳನ್ನು ಅವುಗಳ ಮಿತಿಯಲ್ಲೇ ಓದಿ

ಹೂಳಿನಲ್ಲಿರುವ ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳು, ನೀರು ಸಿಹಿಯೋ ಉಪ್ಪೋ ಎಂದು ತಿಳಿಸುತ್ತವೆ. ಕಾರ್ಬೊನೇಟಿನ ಆಮ್ಲಜನಕದಲ್ಲಿ ಭಾರದ ಮತ್ತು ಹಗುರದ ಬಗೆಗಳ ಪ್ರಮಾಣ ಆವಿಯಾದದ್ದನ್ನು ತಿಳಿಸುತ್ತದೆ. ಹಗುರದ್ದು ಮೊದಲು ಹಾರಿಹೋಗುವುದರಿಂದ ಬರದ ಕಾಲದ ಪದರದಲ್ಲಿ ಭಾರದ್ದು ಹೆಚ್ಚಿರುತ್ತದೆ. ಬಸಾಲ್ಟಿನ ಮಣ್ಣಿನಲ್ಲಿರುವ ಕಾಂತೀಯ ಕಣಗಳು ಸುತ್ತಲಿಂದ ಎಷ್ಟು ಮಣ್ಣು ಕೊಚ್ಚಿಬಂತೆಂದು ತಿಳಿಸುತ್ತವೆ. ಇವು ಯಾವುವೂ ನೀರಿನ ಎತ್ತರವನ್ನು ಹೇಳುವುದಿಲ್ಲ. ಉಪ್ಪಾಗಿತ್ತು ಎಂಬುದರಿಂದ ಇಳಿದಿತ್ತು ಎಂಬುದಕ್ಕೆ ಹೋಗುವುದು ಊಹೆ. ಬಹುಸಲ ಸರಿಯಾದ ಊಹೆ, ಆದರೂ ಊಹೆಯೆಂದೇ ಬರೆಯಬೇಕು.

ಲೋಣಾರಿನ ನೀರಿನ ಕ್ಷಾರತೆ, ಪಿಎಚ್ ಸುಮಾರು 10, ಡಯಾಟಮ್ ಚಿಪ್ಪುಗಳನ್ನೇ ಕರಗಿಸಬಲ್ಲುದು. ಒಂದು ಪದರದಲ್ಲಿ ಅವು ಇಲ್ಲವೆಂದರೆ ಆ ಕಾಲಕ್ಕೆ ಬದುಕಿರಲಿಲ್ಲವೆಂದೇ ಅರ್ಥವಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಾಂತೀಯ ಕಣಗಳೂ ಹೀಗೇ ಕರಗುತ್ತವೆ. ಬಣ್ಣದ ಬಗ್ಗೆಯೂ ಒಂದು ಮಾತು: 2020ರ ಗುಲಾಬಿ ಬಣ್ಣಕ್ಕೆ ಕಾರಣ ಉಪ್ಪನ್ನು ಪ್ರೀತಿಸುವ ಸೂಕ್ಷ್ಮಜೀವಿಗಳೆಂದು ಆಘಾರ್‌ಕರ್ ಸಂಸ್ಥೆ ಗುರುತಿಸಿತು. ಅದು ಲವಣತೆಯ ಸುದ್ದಿ, ಮಟ್ಟದ ಅಳತೆಯಲ್ಲ.

2008ರ ಕೋರಿನಲ್ಲಿ ಗೇಲುಸೈಟ್ ಸಿಕ್ಕ ಎರಡು ವಲಯಗಳು ಸುಮಾರು 4,600ರಿಂದ 3,900 ವರ್ಷ ಹಿಂದಿನ ಮತ್ತು ಸುಮಾರು 2,000ದಿಂದ 600 ವರ್ಷ ಹಿಂದಿನ ಕಾಲಕ್ಕೆ ಸೇರಿವೆ. ದೀರ್ಘಕಾಲ ಮುಂಗಾರು ದುರ್ಬಲವಾಗಿದ್ದುದನ್ನು ಅವು ತೋರಿಸುತ್ತವೆ. ಆಗ ನೀರು ಎಷ್ಟು ಮೀಟರ್ ಇಳಿದಿತ್ತು ಎಂಬ ಪ್ರಶ್ನೆಗೆ ಹರಳು ಉತ್ತರಿಸದು. ದಡದ ಕೋರ್‌ಗಳು ಉತ್ತರಿಸಬಲ್ಲವು.

9. ಗೆರೆಗೆ ಮೊದಲು ಪೆಟ್ಟಿಗೆಗಳನ್ನು ಬರೆಯಿರಿ

ಅಡ್ಡಕ್ಕೆ ವಯಸ್ಸು, ನಿಲುವಿಗೆ ಎತ್ತರ ಇಟ್ಟು ಪ್ರತಿ ಕುರುಹನ್ನೂ ಒಂದು ಪೆಟ್ಟಿಗೆಯಾಗಿ ಬರೆಯಿರಿ: ಪೆಟ್ಟಿಗೆಯ ಅಗಲ ವಯಸ್ಸಿನ ಅನಿಶ್ಚಿತತೆ, ಎತ್ತರ ಅಳತೆಯದು. "ಮೇಲಿತ್ತು" ಎನ್ನುವುದಕ್ಕೆ ಮೇಲ್ಮುಖದ ಬಾಣ, "ಕೆಳಗಿತ್ತು" ಎನ್ನುವುದಕ್ಕೆ ಕೆಳಮುಖದ ಬಾಣ ಹಾಕಿ. ಗೆರೆ ಎಳೆಯುವುದು ಕಡೆಗೆ, ಅದೂ ಒಂಟಿ ಗೆರೆಯಾಗಿ ಅಲ್ಲ, ಎಲ್ಲ ಬಾಣಗಳಿಗೂ ಹೊಂದುವ ಅಗಲದ ಪಟ್ಟೆಯಾಗಿ. ಎರಡು ಕುರುಹುಗಳು ಒಂದನ್ನೊಂದು ಒಪ್ಪದಿದ್ದರೆ ಒಂದನ್ನು ಸದ್ದಿಲ್ಲದೆ ಕೈಬಿಡಬೇಡಿ. ಎರಡನ್ನೂ ಚಿತ್ರದಲ್ಲಿ ಉಳಿಸಿ.

ಗುಹೆಗಳ ಸುಣ್ಣದ ಕಂಬಗಳ ಅಥವಾ ಅರಬ್ಬೀ ಸಮುದ್ರದ ಹೂಳಿನ ಪ್ರಸಿದ್ಧ ಮಳೆ ದಾಖಲೆಗಳಿಗೆ ಹೊಂದುವಂತೆ ನಿಮ್ಮ ವಯಸ್ಸುಗಳನ್ನು ಆಚೀಚೆ ಎಳೆಯುವ ಆಸೆಗೆ ಬೀಳಬೇಡಿ. ಹಾಗೆ ಎಳೆದ ಮೇಲೆ ಎರಡೂ ಹೊಂದುತ್ತವೆಂದು ಸಾರುವುದರಲ್ಲಿ ಅರ್ಥವಿಲ್ಲ.

10. ಮಟ್ಟದಿಂದ ಮಳೆಗೆ ಹೋಗುವ ಲೆಕ್ಕ

ಮುಚ್ಚಿದ ಸರೋವರ ಸಮಸ್ಥಿತಿಯಲ್ಲಿರುವಾಗ, ಅಂದರೆ ಮಟ್ಟ ಏರದೆ ಇಳಿಯದೆ ನಿಂತಿರುವಾಗ, ನೀರಿನ ಮೇಲ್ಮೈಯಿಂದ ಆವಿಯಾಗಿ ಹೋದದ್ದರಿಂದ ಅದೇ ಮೇಲ್ಮೈಗೆ ಬಿದ್ದ ಮಳೆ ಕಳೆದರೆ ಉಳಿಯುವ ಕೊರತೆ, ಸುತ್ತಲ ನೆಲದಿಂದ ಹರಿದು ಬಂದ ನೀರಿಗೆ ಸಮ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ಒಟ್ಟು ಜಲಾನಯನ 10 ಚದರ ಕಿಲೋಮೀಟರ್, ಮಳೆ ವರ್ಷಕ್ಕೆ 700 ಮಿಲಿಮೀಟರ್, ಆವಿಯಾಗುವುದು 1,700 ಮಿಲಿಮೀಟರ್, ನೆಲಕ್ಕೆ ಬಿದ್ದ ಮಳೆಯಲ್ಲಿ ಹತ್ತನೆಯ ಒಂದು ಪಾಲು ಹರಿದು ಬರುತ್ತದೆ ಎನ್ನೋಣ. ಆಗ ಸರೋವರ ಸುಮಾರು 0.65 ಚದರ ಕಿಲೋಮೀಟರಿನಲ್ಲಿ ನಿಲ್ಲುತ್ತದೆ. ಮಳೆ 900ಕ್ಕೆ ಏರಿ ಉಳಿದದ್ದು ಬದಲಾಗದಿದ್ದರೆ 1.0ಕ್ಕೆ ಬೆಳೆಯುತ್ತದೆ. ಮಳೆ ಹೆಚ್ಚಾದಾಗ ನೆಲ ತೊಯ್ದು ಹರಿದು ಬರುವ ಪಾಲೂ ಶೇಕಡಾ 15ಕ್ಕೆ ಏರಿದರೆ 1.44 ಆಗುತ್ತದೆ. ಮಳೆ ಮೂರನೆಯ ಒಂದಂಶಕ್ಕಿಂತ ಕಡಿಮೆ ಹೆಚ್ಚಿದರೂ ಸರೋವರ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದ್ದರಿಂದ ಒಂದು ಮಟ್ಟಕ್ಕೆ ಒಂದೇ ಮಳೆಯ ಅಂಕಿ ಕೊಡಬೇಡಿ. ಹರಿವಿನ ಪಾಲನ್ನೂ ಆವಿಯನ್ನೂ ಬದಲಾಯಿಸುತ್ತ ಹೋಗಿ ಬರುವ ವ್ಯಾಪ್ತಿಯನ್ನು ಕೊಡಿ. ಮೂರನೆಯ ಹಂತದಲ್ಲಿ ಸಿಕ್ಕ ಐವತ್ತು ವರ್ಷಗಳ ಮಳೆ ಮತ್ತು ಮಟ್ಟದ ಜೋಡಿಗಳು ಈ ಸಂಖ್ಯೆಗಳನ್ನು ನಿಮ್ಮ ಸರೋವರಕ್ಕೆ ಹೊಂದಿಸಲು ನೆರವಾಗುತ್ತವೆ.

ಮೇಲಿನ ಲೆಕ್ಕದಲ್ಲಿ ಅಂತರ್ಜಲ ಇಲ್ಲ. ಲೋಣಾರಿನಲ್ಲಿ ಅದನ್ನು ಬಿಡುವಂತಿಲ್ಲ, ಏಕೆಂದರೆ ಕುಳಿಯ ಗೋಡೆಯ ಸಿಹಿನೀರಿನ ಒರತೆಗಳು ಮಳೆ ನಿಂತ ಮೇಲೂ ಒಳಕ್ಕೆ ಹರಿಯುತ್ತವೆ. ಅವು ಹೊರಗಿನ ಹೊಲಗಳ ಕೆಳಗಿನ ನೀರಿಗೆ ಕೂಡಿಕೊಂಡಿವೆ. ಸುತ್ತ ಬಾವಿ, ಕೊಳವೆಬಾವಿ ಹೆಚ್ಚಿದರೆ ಒರತೆ ಬಡವಾಗುತ್ತದೆ, ಹೊಲಗಳಿಗೆ ನೀರಾವರಿ ಬಂದರೆ ಬಲಿಯುತ್ತದೆ. ಹೀಗಾಗಿ ಇತ್ತೀಚಿನ ದಶಕಗಳ ಮಟ್ಟವನ್ನು ಮಳೆಯೊಂದಕ್ಕೇ ಹೊಂದಿಸುವ ಮುನ್ನ ಒರತೆಗಳ ಹರಿವನ್ನು ನವೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಬಕೆಟ್ಟು ಮತ್ತು ಗಡಿಯಾರ ಹಿಡಿದು ಅಳೆಯಿರಿ. ಸುತ್ತಲ ಬಾವಿಗಳ ನೀರಿನ ಆಳವನ್ನೂ ಅದೇ ದಿನ ಬರೆದುಕೊಂಡು, ಎರಡನ್ನೂ ಒಳಹರಿವಿನ ಪಾಲಾಗಿ ಲೆಕ್ಕಕ್ಕೆ ಸೇರಿಸಿ.